ಹಳದಿ ಚೌಕಗಳ ಲೆಕ್ಕ

ನಮ್ಮ ಮನೆಯ ಲೆಕ್ಕ ಮೂರು ಲಿಪಿಗಳನ್ನು ಕಂಡಿದೆ. ಅಜ್ಜ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಖಾತೆ ಬರೆದರು. ಅಬ್ಬಾ ಕನ್ನಡಕ್ಕೆ ಬಂದರು. ನಮ್ಮ ಕಾಲಕ್ಕೆ ಅದು ಇಂಗ್ಲಿಷಿನ ಎಕ್ಸೆಲ್ ಆಯಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಿಗೆ ಲೆಕ್ಕವೆಂದರೆ ಮೂರೇ: ಹರಾಜಿನಲ್ಲಿ ಕೊಂಡ ಗೂಡೆಷ್ಟು, ಬಂದ ನೂಲೆಷ್ಟು, ಕೆಲಸದವರಿಗೆ ಕೊಟ್ಟದ್ದೆಷ್ಟು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತೋ ಅದನ್ನು ರೆಂಡಿಟ್ಟಾ ಎನ್ನುತ್ತೇವೆ. ಅದು ಸ್ವಲ್ಪ ಏರಿದರೂ ಆ ಲಾಟಿನ ಲಾಭ ಕರಗಿತೆಂದೇ ಅರ್ಥ.

ಲೆಕ್ಕಿಗರ ಗೆರೆ ಕಾಗದವನ್ನು ಕಂಪ್ಯೂಟರಿನ ಪರದೆಗೆ ಇಳಿಸಿ 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ ಎಂಬುದನ್ನು ಹೊರತಂದರು. ಎಕ್ಸೆಲ್ ಅದೇ ವಂಶದ್ದು. ಒಂದು ಚೌಕ ತಿದ್ದಿದರೆ ಅದನ್ನು ನಂಬಿದ ಚೌಕಗಳೆಲ್ಲ ತಾವೇ ಬದಲಾಗುತ್ತವೆ. ಈ ಸುಖವೇ ಅದರ ಅಪಾಯ. ಅಜ್ಜನ ಖಾತೆಯಲ್ಲಿ ಹೊಡೆದುಹಾಕಿದ ಅಂಕಿ ಗೆರೆಯ ಅಡಿಯಿಂದ ಇಣುಕುತ್ತಿತ್ತು. ಇಲ್ಲಿ ಹಳೆಯ ಅಂಕಿ ಸದ್ದಿಲ್ಲದೆ ಮಾಯ. ಒಮ್ಮೆ ಗುಮಾಸ್ತ ಹೆಸರುಗಳ ಕಾಲಂ ಒಂದನ್ನೇ ಅಕ್ಷರಕ್ರಮಕ್ಕೆ ತಂದ, ಹಣದ ಕಾಲಂ ಇದ್ದಲ್ಲೇ ಉಳಿಯಿತು. ಬಿಡಿಗಾಸೂ ಮುಂಗಡ ಪಡೆಯದ ಹೆಣ್ಣುಮಗಳ ಎದುರು ಹನ್ನೆರಡು ಸಾವಿರ ನಿಂತಿತ್ತು.

ದೊಡ್ಡವರ ಮನೆಯಲ್ಲೂ ಹೀಗಾಗುತ್ತದೆ. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಷ್ಟೇ ಜಾಗ. 2020ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅಂಥ ಕಡತಗಳಿಗೆ ಕೊರೋನಾ ವರದಿಗಳನ್ನು ತುಂಬಿಸಿದಾಗ ಜಾಗ ಸಾಲದೆ, 15,841 ಸೋಂಕಿತರ ಎಣಿಕೆ ತಡವಾಯಿತು. ಅವರ ಸಂಪರ್ಕದಲ್ಲಿದ್ದವರಿಗೆ ಎಚ್ಚರಿಕೆ ಹೋಗುವುದೂ ತಡವಾಯಿತು.

ಕೊನೆಗೆ ನಮ್ಮ ಕಸುಬಿಗೆಂದೇ ಒಂದು ಸಾಫ್ಟ್‌ವೇರ್ ಬರೆಸಿದೆವು. ಇಂಟರ್ನೆಟ್ ಇರಲಿ ಬಿಡಲಿ, ನೂಲಿನ ಮನೆಯ ಕಂಪ್ಯೂಟರಿನಲ್ಲೇ ನಡೆಯುವಂಥದ್ದು. ಬರೆಯಲು ಬಂದ ಹುಡುಗ ಗೂಡು, ನೂಲಿನ ಲೆಕ್ಕವನ್ನು ಒಂದೇ ದಿನದಲ್ಲಿ ಹಿಡಿದ. ಮುಂಗಡಕ್ಕೆ ಬಂದು ನಿಂತ.

"ಅಣ್ಣಾ, ವಾರದ ಕೂಲಿಯಲ್ಲಿ ಮುಂಗಡಕ್ಕೆ ಎಷ್ಟು ಹಿಡಿಯಬೇಕು? ನಿಯಮ ಹೇಳಿ."

ನಾವು ಮೂವರು ಅಣ್ಣತಮ್ಮಂದಿರು ಮೂರು ಉತ್ತರ ಕೊಟ್ಟೆವು. ಹುಡುಗ ನಕ್ಕು, ಹಾಳೆಯಲ್ಲಿದ್ದ ಹಳದಿ ಚೌಕಗಳನ್ನು ತೋರಿಸಿದ. ಇವೇಕೆ ಹಳದಿ? ಗಂಡ ತೀರಿಕೊಂಡವಳು, ಮಗಳ ಮದುವೆ ಇದ್ದವಳು, ಆಸ್ಪತ್ರೆಗೆ ಅಲೆಯುತ್ತಿರುವವಳು. ಇವರಿಂದ ಸದ್ಯಕ್ಕೆ ಹಿಡಿಯಬಾರದೆಂದು ಅಬ್ಬಾ ಗುಮಾಸ್ತನಿಂದ ಬಣ್ಣ ಹಾಕಿಸಿದ್ದರು. ಆ ಬಣ್ಣದ ಅರ್ಥ ಅವರಿಬ್ಬರಿಗೇ ಗೊತ್ತು. ಸಾಲಗಾರ್ತಿಗೂ ಗೊತ್ತಿರಲಿಲ್ಲ.

ಕರುಣೆ ಸುಳ್ಳಾಗಿರಲಿಲ್ಲ. ಆದರೆ ತನಗೆ ಸಿಕ್ಕಿದ್ದು ಮಾಫಿಯೋ ವಾಯಿದೆಯೋ ತಿಳಿಯದವಳು ಕೆಲಸ ಬಿಟ್ಟು ಬೇರೆಡೆ ಹೋಗುವ ಧೈರ್ಯ ಮಾಡಿಯಾಳೇ? ರೇಷ್ಮೆಯ ಊರುಗಳಲ್ಲಿ ಮುಂಗಡವೆಂಬುದು ಕಾಲಿಗೆ ಕಟ್ಟಿದ ಹಗ್ಗವಾದ ಕತೆಗಳು ನಮಗೆಲ್ಲ ಗೊತ್ತು.

ಸಾಫ್ಟ್‌ವೇರಿಗೆ ಬಣ್ಣ ತಿಳಿಯದು, ಮಾತೇ ಬೇಕು. ಹಾಗಾಗಿ ಮನೆಯವರು ಕುಳಿತು ನಿಯಮ ಬರೆದೆವು. ವಾರಕ್ಕೆ ಇಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ರಿಯಾಯಿತಿ ಕೊಟ್ಟರೆ ಎಷ್ಟು ವಾರಕ್ಕೆ, ಕೊಟ್ಟವರು ಯಾರು ಎಂಬುದನ್ನು ದಾಖಲಿಸಬೇಕು. ಮಾಫಿಯಾದರೆ ಮಾಫಿಯೆಂದೇ ಬರೆಯಬೇಕು. ಬರೆದ ಅಂಕಿಯನ್ನು ಅಳಿಸುವ ಗುಂಡಿಯೇ ಇಲ್ಲ. ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಬೇಕು. ಅಜ್ಜನ ಖಾತೆಯ ಪದ್ಧತಿಯೇ ಮರಳಿ ಬಂದಂತಾಯಿತು.

ಎಕ್ಸೆಲ್ಲನ್ನು ಮನೆಯಿಂದ ಓಡಿಸಿಲ್ಲ. ನಾಳೆಯ ಹರಾಜಿಗೆ ಅಂದಾಜು ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಇನ್ನೊಬ್ಬರ ಬದುಕಿನ ಲೆಕ್ಕವನ್ನು ಮಾತ್ರ ಅದರ ಮೇಲೆ ಬಿಟ್ಟಿಲ್ಲ.

ಈಗ ಪ್ರತಿ ವಾರ ಕೂಲಿಯ ಜೊತೆ ಕನ್ನಡ, ಉರ್ದು ಎರಡರಲ್ಲೂ ಅಚ್ಚಾದ ಚೀಟಿ ಕೊಡುತ್ತೇವೆ. "ಭಾಯಿ, ಇಷ್ಟೇನಾ ಉಳಿದಿರೋದು?" ಎಂದು ಮೊದಲ ವಾರವೇ ಒಬ್ಬರು ಕೇಳಿದರು. ಓದು ಬಾರದ ಕೆಲವರು ಚೀಟಿಯನ್ನು ಸೆರಗಿಗೆ ಕಟ್ಟಿ ಒಯ್ದು, ಶಾಲೆಗೆ ಹೋಗುವ ಹೆಣ್ಣುಮಕ್ಕಳಿಂದ ಓದಿಸಿಕೊಳ್ಳುತ್ತಾರೆ. ಕಳೆದ ತಿಂಗಳು ಅಂಥ ಒಬ್ಬ ಹುಡುಗಿ ಎರಡು ಚೀಟಿ ಹಿಡಿದು ಬಂದು, ಮೊತ್ತ ತಾಳೆಯಾಗುತ್ತಿಲ್ಲವೆಂದು ನಮ್ಮನ್ನು ನಿಲ್ಲಿಸಿ ಕೇಳಿದಳು.