ಚಿಂದಿಗೆ ಬೆಲೆಯೆಷ್ಟು?

ದರ್ಜಿಯ ಅಂಗಡಿಯಲ್ಲಿ ಬೆಳೆದವನಿಗೆ ಚಿಂದಿಯೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ತಂದೆಯವರ ಹೊಲಿಗೆಯಂತ್ರದ ಕೆಳಗೆ ಸಂಜೆಯ ವೇಳೆಗೆ ಒಂದು ರಾಶಿ ಬಿದ್ದಿರುತ್ತದೆ. ಅದನ್ನು ಗುಡಿಸಿ ಗೋಣಿಚೀಲಕ್ಕೆ ತುಂಬುವುದು ಬಾಲ್ಯದಿಂದಲೂ ನನ್ನ ಪಾಲಿನ ಕೆಲಸ. ಆ ಚೀಲಕ್ಕೂ ಒಂದು ಬೆಲೆ ಉಂಟೇ ಎಂಬ ಪ್ರಶ್ನೆ ಮುಂದೊಂದು ದಿನ ನನ್ನ ನಿದ್ದೆಗೆಡಿಸೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಊರಿನಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಸಣ್ಣದೊಂದು ಸಂಘವನ್ನು ನಡೆಸುತ್ತಾರೆ. ದರ್ಜಿಗಳ ಚಿಂದಿ, ಮುದ್ರಣಾಲಯದಲ್ಲಿ ಕತ್ತರಿಸಿ ಉಳಿದ ಕಾಗದ, ಮಿಕ್ಕ ಲಗ್ನಪತ್ರಿಕೆ, ದಾರದ ಖಾಲಿ ಕೊಳವೆ, ಗುಂಡಿ, ತೆಂಗಿನ ಕರಟ ಇವುಗಳನ್ನು ಕಲೆಹಾಕಿ, ತೊಳೆದು, ವಿಂಗಡಿಸಿ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಹಂಚುವುದು. ಅವುಗಳಿಂದ ಬೊಂಬೆ, ಮುಖವಾಡ, ಚಿತ್ರಗಳನ್ನು ಮಾಡಲು ಮಕ್ಕಳಿಗೆ ಕಲಿಸುವುದು. ಇಷ್ಟೇ ಆ ಸಂಘದ ಉದ್ದೇಶ. ಎರಡು ವರ್ಷಗಳಿಂದ ನಾನೂ ಅಲ್ಲಿಗೆ ಹೋಗಿ ಬರುತ್ತಿದ್ದೇನೆ.

ಇದು ನಮ್ಮ ಮೇಷ್ಟ್ರೊಬ್ಬರದೇ ಹುಚ್ಚೆಂದು ಯಾರೂ ನಗಬೇಕಾಗಿಲ್ಲ. ತಂತಿಯನ್ನು ಹೆಣೆದು ಶಿಲ್ಪಗಳನ್ನು ರಚಿಸಿದ ರೂತ್ ಅಸಾವ ಎಂಬ ಕಲಾವಿದೆ 1968ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದ ಒಂದು ಶಾಲೆಯಲ್ಲಿ ಮಕ್ಕಳಿಗಾಗಿ ಕಲಾ ಕಾರ್ಯಾಗಾರವನ್ನು ಆರಂಭಿಸಿದವರಲ್ಲಿ ಒಬ್ಬರು. ಉಳಿಕೆ ವಸ್ತುಗಳನ್ನು ಕಲೆಗೆ ಒದಗಿಸುವ 'ಸ್ಕ್ರ್ಯಾಪ್' ಎಂಬ ಸಂಸ್ಥೆ 1976ರಲ್ಲಿ ಹುಟ್ಟಿದಾಗಲೂ ಅವರು ಅದರ ಸ್ಥಾಪಕರಲ್ಲಿದ್ದರು. ಎರಡು ವರ್ಷಗಳ ಅನಂತರ, 1978ರಲ್ಲಿ, ನ್ಯೂಯಾರ್ಕ್ ನಗರದಲ್ಲಿಯೂ ಇಂಥದೇ ಏರ್ಪಾಡು ಮೊದಲಾಯಿತು.

ಆದರೆ ವಸ್ತು ಪುಕ್ಕಟೆಯಾದ ಮಾತ್ರಕ್ಕೆ ಕೆಲಸ ಪುಕ್ಕಟೆಯಾಗುವುದಿಲ್ಲ. ನಮ್ಮ ಸಂಘದ ಕೋಣೆಯ ಬಾಡಿಗೆ ತಿಂಗಳಿಗೆ 2,500 ರೂಪಾಯಿ. ಚೀಲಗಳನ್ನು ಸಾಗಿಸುವ ಟೆಂಪೋಗೆ 1,800. ತೊಳೆದು ವಿಂಗಡಿಸುವ ಇಬ್ಬರು ಹೆಂಗಸರಿಗೆ ತಲಾ 3,000. ವರ್ಷಕ್ಕೆ ಒಟ್ಟು 1,23,600 ರೂಪಾಯಿ. ಮೇಷ್ಟ್ರ ಪಿಂಚಣಿ ಎಷ್ಟು ಕಾಲ ತಾನೆ ಇದನ್ನು ಹೊತ್ತೀತು?

ಕಳೆದ ವರ್ಷ ಒಂದು ಕಂಪನಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದಂತೆ, ಗೊತ್ತುಪಡಿಸಿದ ಮಿತಿಯನ್ನು ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಶಿಕ್ಷಣವೂ ಕಲೆಯೂ ಆ ಕೆಲಸಗಳ ಪಟ್ಟಿಯಲ್ಲಿವೆ. ಹಣ ಪಡೆಯುವ ಸಂಘ ನೋಂದಣಿಯಾಗಿರಬೇಕು, ಮೂರು ವರ್ಷ ಕೆಲಸ ಮಾಡಿ ತೋರಿಸಿರಬೇಕು. ನಮ್ಮಲ್ಲಿ ಅವೆಲ್ಲವೂ ಇದ್ದುವು. ಬಿ.ಎ. ಓದುವವನೆಂಬ ಕಾರಣಕ್ಕೆ ಅರ್ಜಿ ಬರೆಯುವ ಹೊಣೆ ನನ್ನ ತಲೆಗೆ ಬಂತು.

ಅರ್ಜಿಯಲ್ಲಿ 'ಸಾಮಗ್ರಿಗಳ ವೆಚ್ಚ' ಎಂಬ ಕಲಮಿತ್ತು. ನಾನು 'ಇಲ್ಲ' ಎಂದು ಬರೆದೆ. ಎರಡು ವಾರಗಳಾದ ಮೇಲೆ ಅಲ್ಲಿಯ ಅಧಿಕಾರಿಯೊಬ್ಬರು ಫೋನು ಮಾಡಿದರು. ಸಾಮಗ್ರಿಗೆ ಹಣ ಮಂಜೂರಾಗುವುದು ಸುಲಭ, ಬಾಡಿಗೆಗೂ ಕೂಲಿಗೂ ಕಷ್ಟ. ಆ ಕಲಮಿನಲ್ಲಿ ಏನಾದರೂ ತೋರಿಸಿದರೆ ಒಳ್ಳೆಯದು ಎಂದರು. ಸಂಘದ ಸದಸ್ಯರೊಬ್ಬರಿಗೆ ಕೂಡಲೆ ಉಪಾಯ ಹೊಳೆಯಿತು. ಕಿಲೋಗೆ ಇಷ್ಟೆಂದು ದರ್ಜಿಗಳಿಂದ ಬಿಲ್ಲು ಬರೆಸಿಕೊಂಡರಾಯಿತು. ಬಂದ ಹಣ ಹೇಗೂ ಬಾಡಿಗೆಗೆ ಹೋಗುತ್ತದೆ, ಯಾರ ಜೇಬಿಗೂ ಹೋಗುವುದಿಲ್ಲವಲ್ಲ! ಮೇಷ್ಟ್ರು ಆ ದಿನ ಊರಿನಲ್ಲಿರಲಿಲ್ಲ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ನನಗೂ ಅದು ಸರಿಯೆಂದೇ ತೋರಿತು. ಬಿಲ್ಲುಪುಸ್ತಕವನ್ನು ಕೊಂಡು ನೇರವಾಗಿ ಅಪ್ಪನ ಅಂಗಡಿಗೆ ನಡೆದೆ.

ಅಪ್ಪ ಕಾಲು ನಿಲ್ಲಿಸಿದರು. ಯಂತ್ರ ನಿಂತಿತು.

"ಗುಡಿಸಿ ಬಿಸಾಕೋದಕ್ಕೆ ದುಡ್ಡು ಇಸ್ಕೊಂಡೆ ಅಂತ ರುಜು ಹಾಕ್ಲೇನೋ? ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲ್ಲಿ ಸರಿಯಾಗಿ ಕಲ್ತಿದ್ದು ರುಜು ಒಂದೇ. ಅದನ್ನ ಇದಕ್ಕೆಲ್ಲ ಹಾಕಲ್ಲ."

ನಾನು ಬಾಡಿಗೆಯ ಕಷ್ಟವನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣೋ, ಗಿರಾಕಿ ಬಟ್ಟೆ ತಂದುಕೊಡ್ತಾನೆ. ಬಟ್ಟೆ ದುಡ್ಡು ನಾನು ಕೇಳ್ತೀನಾ? ಹೊಲಿಗೆ ಕೂಲಿ ಕೇಳ್ತೀನಿ. ಅದನ್ನ ಕೇಳೋಕೆ ನಿಮಗ್ಯಾಕೆ ಸಂಕೋಚ?" ಎಂದು ಮತ್ತೆ ಯಂತ್ರವನ್ನು ತುಳಿಯತೊಡಗಿದರು.

ಆ ರಾತ್ರಿ ಅರ್ಜಿಯನ್ನು ಹೊಸದಾಗಿ ಬರೆದೆ. ಸಾಮಗ್ರಿಗಳ ಕಲಮಿನಲ್ಲಿ 'ಊರಿನವರ ದಾನ, ಬೆಲೆ ಕಟ್ಟಿಲ್ಲ' ಎಂದು ಬರೆದು, ಚಿಂದಿಯು ಮಗುವಿನ ಕೈಗೆ ಬರುವಷ್ಟರಲ್ಲಿ ಎಷ್ಟು ಕೈಗಳು ದುಡಿಯಬೇಕೆಂಬುದನ್ನು ಲೆಕ್ಕಸಹಿತವಾಗಿ ವಿವರಿಸಿದೆ. ಮರುದಿನ ಮೇಷ್ಟ್ರಿಗೆ ನಡೆದುದೆಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬಿಲ್ಲುಪುಸ್ತಕವನ್ನು ಇಸಿದುಕೊಂಡು, "ಹಿಂಬದಿ ಬಿಳಿಯದಾಗಿದೆ, ಮಕ್ಕಳು ಚಿತ್ರ ಬರೆಯಬಹುದು" ಎಂದರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಟೆಂಪೋಗೂ ವಿಂಗಡಿಸುವವರ ಕೂಲಿಗೂ ಒಂದು ವರ್ಷದ ಮಟ್ಟಿಗೆ ಹಣ ಮಂಜೂರಾಗಿತ್ತು, ಬಾಡಿಗೆಗೆ ಇಲ್ಲ. ಬಾಡಿಗೆಯ ಹಣವನ್ನು ಈಗಲೂ ನಾವು ತಿಂಗಳು ತಿಂಗಳು ಅಂಗಡಿ ಅಂಗಡಿಗೆ ಹೋಗಿ ಎತ್ತುತ್ತೇವೆ. ಅಪ್ಪ ಐವತ್ತು ರೂಪಾಯಿ ಕೊಡುತ್ತಾರೆ, ರಸೀತಿ ಕೇಳಿ ಪಡೆಯುತ್ತಾರೆ.

ವರ್ಷ ಮುಗಿದ ಮೇಲೆ ಮತ್ತೆ ಅರ್ಜಿ ಬರೆಯಬೇಕು. ಆ ವೇಳೆಗೆ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ಮುಂದೆ ಬರೆಯುವ ತಮ್ಮಂದಿರಿಗೂ ತಂಗಿಯರಿಗೂ ನಾನು ಹೇಳುವುದು ಇಷ್ಟೆ: ಬಟ್ಟೆಯ ಬೆಲೆ ಬರೆಯಬೇಡಿ, ಹೊಲಿಗೆಯ ಕೂಲಿಯನ್ನು ಕೇಳಲು ನಾಚಬೇಡಿ.