ಅಜ್ಜಾ, ಇದು ಯಾವ ಅಂಗ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಹೆಬ್ಬೆರಳಿಗೆ ಎರಡೇ ಕೆಲಸ ಗೊತ್ತಿರುತ್ತವೆ. ಒಂದು ನೋಟು ಎಣಿಸುವುದು, ಇನ್ನೊಂದು ಲೆಡ್ಜರಿನ ಹಾಳೆ ತಿರುಗಿಸುವುದು. ನನ್ನ ಹೆಬ್ಬೆರಳು ನಿವೃತ್ತಿಯಾದ ಮೇಲೆ ಮೂರನೆಯ ಕೆಲಸವೊಂದನ್ನು ಕಲಿಯಿತು. ಅದು ಪಾದ ಒತ್ತುವುದು.

ನಮ್ಮದು ವಿರೂಪಾಪುರಗಡ್ಡೆ. ಹೊಲದ ಬದುವಿನ ಮೇಲೆ ನಿಂತು ತುಂಗಭದ್ರೆಯ ಆಚೆ ನೋಡಿದರೆ ಹಂಪಿಯ ವಿರೂಪಾಕ್ಷನ ಗೋಪುರ ಕಾಣುತ್ತದೆ. ಈಚೆ ಭತ್ತದ ಗದ್ದೆ, ಬಾಳೆ ತೋಟ, ಬಂಡೆಗಲ್ಲಿನ ಗುಡ್ಡಗಳು. ಕೆಲವು ವರ್ಷಗಳ ಹಿಂದೆ ಇಲ್ಲಿ ಊರಿನವರಿಗಿಂತ ಪರದೇಶದವರೇ ಹೆಚ್ಚು ಕಾಣುತ್ತಿದ್ದರು. ಗೆಸ್ಟ್ ಹೌಸುಗಳ ಮುಂದೆ ಯೋಗ, ಮಸಾಜ್ ಎಂದು ಬೋರ್ಡುಗಳು ನೇತಾಡುತ್ತಿದ್ದವು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಅವುಗಳನ್ನೆಲ್ಲ ತೆರವು ಮಾಡಿದರು. ಬೋರ್ಡು ಹೋದವು, ನಾನು ಕಲಿತ ವಿದ್ಯೆ ಮಾತ್ರ ಉಳಿಯಿತು.

ಕಲಿಸಿದವಳು ಒಬ್ಬ ಪ್ರವಾಸಿ ಹೆಣ್ಣುಮಗಳು. ದೋಣಿ ಕಾಯುತ್ತ ಚಹಾದಂಗಡಿಯಲ್ಲಿ ಕೂತಿದ್ದಾಗ ಅವಳ ಚೀಲದಿಂದ ಒಂದು ನಕ್ಷೆ ಹೊರಬಂತು. ಎರಡು ಪಾದಗಳ ಚಿತ್ರ, ಅದರ ತುಂಬ ಬಣ್ಣಬಣ್ಣದ ಚೌಕಗಳು. ಹೆಬ್ಬೆರಳಿಗೆ ತಲೆ, ಬೆರಳುಗಳ ಕೆಳಗಿನ ದಿಂಡಿಗೆ ಶ್ವಾಸಕೋಶ, ಪಾದದ ಒಳಂಚಿಗೆ ಬೆನ್ನೆಲುಬು, ಬಲಗಾಲಿನ ನಡುವೆ ಯಕೃತ್ತು, ಎಡಗಾಲಿನಲ್ಲಿ ಹೃದಯ. ನನಗೆ ಅದು ಲೆಡ್ಜರಿನ ಹಾಗೆಯೇ ಕಂಡಿತು. ಪ್ರತಿ ಅಂಗಕ್ಕೂ ಒಂದೊಂದು ಖಾತೆ! ಬಿ.ಕಾಂ. ಓದಿದವನಿಗೆ ಇನ್ನೇನು ಬೇಕು? ನಾಲ್ಕು ದಿನ ಅವಳ ಬೆನ್ನು ಹತ್ತಿ ಕಲಿತೆ, ನಕ್ಷೆಯನ್ನು ಜೆರಾಕ್ಸ್ ಮಾಡಿಸಿಕೊಂಡೆ.

ಇದು ಚೀನಾದ ಪುರಾತನ ವಿದ್ಯೆ ಎಂದು ಹಲವರು ಹೇಳುತ್ತಾರೆ. ಆದರೆ ಈಗ ಎಲ್ಲೆಡೆ ಕಾಣುವ ಈ ನಕ್ಷೆಯ ಮೂಲ ಅಮೆರಿಕ. ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರು ದೇಹವನ್ನು ಉದ್ದಕ್ಕೆ 10 ಪಟ್ಟಿಗಳಾಗಿ ವಿಂಗಡಿಸಿ 1917ರಲ್ಲಿ ಪುಸ್ತಕ ಬರೆದರು. ಆಮೇಲೆ ಯೂನಿಸ್ ಇಂಗಮ್ ಎಂಬಾಕೆ ಅದನ್ನು ಪಾದಕ್ಕೆ ಇಳಿಸಿ ನಕ್ಷೆ ಮಾಡಿದರು. 1938ರಲ್ಲಿ ಬಂದ ಅವರ ಪುಸ್ತಕದ ಹೆಸರಿಗೆ 'ಪಾದಗಳು ಹೇಳಬಲ್ಲ ಕಥೆಗಳು' ಎಂದರ್ಥ. ನಮ್ಮಲ್ಲಿಯೂ ಪಾದಾಭ್ಯಂಗ ಇತ್ತಲ್ಲ. ದಿನವೂ ಎಣ್ಣೆ ತಿಕ್ಕಬೇಕು, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ಎಂದು ವಾಗ್ಭಟನೇ ಹೇಳಿದ್ದಾನೆ. ನಮ್ಮಪ್ಪ ಗದ್ದೆಯಿಂದ ಬಂದು ಬೋರಲಾಗಿ ಮಲಗಿದರೆ ನಾವು ಹುಡುಗರು ಗೋಡೆ ಹಿಡಿದುಕೊಂಡು ಅವರ ಮೀನಖಂಡದ ಮೇಲೆ ನಿಂತು ತುಳಿಯುತ್ತಿದ್ದೆವು. ನಕ್ಷೆ ಗಿಕ್ಷೆ ಇರಲಿಲ್ಲ.

ಕಲಿತದ್ದನ್ನು ಯಾರ ಮೇಲೆ ಪ್ರಯೋಗಿಸುವುದು? ನಮ್ಮಾಕೆಗೆ ಸಕ್ಕರೆ ಕಾಯಿಲೆ, ರಾತ್ರಿ ಅಂಗಾಲು ಉರಿ. ಕೇಳಿದೆ. "ಗಂಡ ಆದವ ಹೆಂಡ್ತಿ ಕಾಲು ಮುಟ್ಟಬಾರದ್ರೀ, ನನಗ ಪಾಪ ಬರ್ತೈತಿ" ಎಂದು ಸೀರೆಯೊಳಗೆ ಕಾಲು ಎಳೆದುಕೊಂಡಳು. ಮೂರು ವಾರ ಹಾಗೇ ಹೋಯಿತು. ಕೊನೆಗೊಂದು ರಾತ್ರಿ ಉರಿ ತಾಳಲಾರದೆ ಕಾಲು ಚಾಚಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ನೋಡದಿದ್ದರೆ ಪಾಪ ಇಲ್ಲವೆಂದು ಲೆಕ್ಕ. ಅರ್ಧ ತಾಸಿನಲ್ಲಿ ಗೊರಕೆ ಕೇಳಿತು. ಅಂದಿನಿಂದ ಅದು ನಮ್ಮ ಮನೆಯ ಊಟದ ನಂತರದ ಪದ್ಧತಿಯಾಯಿತು.

ಮಾಡುವ ಬಗೆ ಕಷ್ಟದ್ದಲ್ಲ, ಮಕ್ಕಳೂ ಕಲಿಯಬಹುದು. ಮೊದಲು ನಿಮ್ಮ ಉಗುರು ಕತ್ತರಿಸಿಕೊಳ್ಳಿ. ಅಜ್ಜಿಯನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ನೀವು ಎದುರಿಗೆ ಮಣೆ ಹಾಕಿಕೊಂಡು, ಪಾದ ನಿಮ್ಮ ತೊಡೆಯ ಮೇಲೆ ಬರುವಂತೆ ಟವೆಲ್ ಹಾಸಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಬೇಕು. ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯದೆ ಸುಟ್ಟುಹೋಗಬಹುದು. ಅಂಗೈಗೆ ನಾಲ್ಕು ಹನಿ ಎಳ್ಳೆಣ್ಣೆ ಸಾಕು. ಬೆರಳ ಸಂದಿಗೆ ಎಣ್ಣೆ ಬೇಡ, ಅಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ. ಮೊದಲು ಇಡೀ ಪಾದವನ್ನು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ಕೂರಿ. ಆಮೇಲೆ ಕಣಕಾಲನ್ನು ಮೆಲ್ಲಗೆ ತಿರುಗಿಸಿ. ಅನಂತರ ಹೆಬ್ಬೆರಳಿನ ಕೆಲಸ. ಕಂಬಳಿಹುಳು ನಡೆಯುವುದನ್ನು ನೋಡಿದ್ದೀರಲ್ಲ? ಮಡಚಿಕೊಳ್ಳುತ್ತ, ಚಾಚಿಕೊಳ್ಳುತ್ತ ಹಾಗೇ ಹಿಮ್ಮಡಿಯಿಂದ ಬೆರಳಿನ ತನಕ ಒತ್ತುತ್ತ ಹೋಗಬೇಕು. ತೀರ ಹಗುರವಾಗಿ ಮುಟ್ಟಿದರೆ ಕಚಗುಳಿಯಾಗಿ ಅಜ್ಜಿ ಒದೆಯುತ್ತಾಳೆ, ಗಟ್ಟಿ ಒತ್ತಿದರೆ ಬೈಯುತ್ತಾಳೆ. ಕೇಳಿ ಕೇಳಿ ಒತ್ತಿ. ಒಂದು ಪಾದಕ್ಕೆ 10 ನಿಮಿಷ. ಗಾಯ, ಉಳುಕು, ಹುಣ್ಣು ಇದ್ದಲ್ಲಿ ಮುಟ್ಟಬೇಡಿ. ಒಂದೇ ಕಾಲು ಬಾತು, ಬಿಸಿಯಾಗಿ ನೋಯುತ್ತಿದ್ದರೆ ಒತ್ತಲೇಬಾರದು. ರಕ್ತ ಹೆಪ್ಪುಗಟ್ಟಿರಬಹುದು, ವೈದ್ಯರಲ್ಲಿಗೆ ಹೋಗಬೇಕು.

ಇಷ್ಟೆಲ್ಲ ಬಲ್ಲವನಾಗಿ ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು.

ಒಂದು ಸಂಕ್ರಾಂತಿ. ಎಲ್ಲರೂ ನಸುಕಿನಲ್ಲಿ ಹೊಳೆಸ್ನಾನಕ್ಕೆ ಹೋದೆವು. ನಮ್ಮಾಕೆ ಚಪ್ಪಲಿಯನ್ನು ಬಂಡೆಯ ಮೇಲೆ ಬಿಟ್ಟು ಬರಿಗಾಲಲ್ಲಿ ದಂಡೆಯ ಮೇಲೆ ನಡೆದಳು. ಆ ರಾತ್ರಿ, ಮರುರಾತ್ರಿ ಎಂದಿನಂತೆ ಪಾದ ಒತ್ತಿದೆ. ನನ್ನ ಹೆಬ್ಬೆರಳಿಗೆ ನಕ್ಷೆ ಬಾಯಿಪಾಠವಾಗಿಬಿಟ್ಟಿತ್ತು. ಕಣ್ಣು ಟಿ.ವಿ.ಯ ಮೇಲೆ, ಮೇಲೊಂದು ಭಾಷಣ ಬೇರೆ: "ಇದು ಮೂತ್ರಪಿಂಡ, ಇದು ಜಠರ, ಇಲ್ಲಿ ಒತ್ತಿದರೆ ನಿನ್ನ ಸಕ್ಕರೆ ಇಳಿಯುತ್ತದೆ." ಮೂರನೆಯ ರಾತ್ರಿ ನಾಲ್ಕನೇ ಇಯತ್ತೆಯ ಮೊಮ್ಮಗಳು ಪಕ್ಕದಲ್ಲಿ ಬಂದು ಕೂತಳು. ನಕ್ಷೆಯನ್ನು ನೋಡಿದಳು, ಅಜ್ಜಿಯ ಬಲಪಾದವನ್ನು ನೋಡಿದಳು. ಕಿರುಬೆರಳಿನ ಬುಡದ ದಿಂಡಿನ ಮೇಲೆ ತನ್ನ ಬೆರಳಿಟ್ಟು ಕೇಳಿದಳು:

"ಅಜ್ಜಾ, ಈ ಕರೀ ಚುಕ್ಕಿ ಯಾವ ಅಂಗ?"

ಕನ್ನಡಕ ಹಾಕಿಕೊಂಡು ನೋಡಿದೆ. ಬಳ್ಳಾರಿ ಜಾಲಿಯ ಮುಳ್ಳು. ಒಳಗೇ ಮುರಿದು ಕೂತಿದೆ. ಸುತ್ತ ಕೆಂಪಗೆ ಬಾತಿದೆ, ಒತ್ತಿದರೆ ಕೀವು. ನಕ್ಷೆಯ ಪ್ರಕಾರ ಅದು ಭುಜದ ಜಾಗ. ಎರಡು ರಾತ್ರಿ ಅದರ ಮೇಲೆಯೇ ಹೆಬ್ಬೆರಳು ಓಡಿಸಿದ್ದೆನಲ್ಲ!

"ನೋವಾಗಲಿಲ್ಲೇನು?" ಎಂದೆ.

"ಏನೂ ಆಗಿಲ್ಲ ಬಿಡ್ರಿ" ಎಂದಳು. ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಮಗ ಗಂಗಾವತಿಗೆ ಕರೆದೊಯ್ದ. ವೈದ್ಯರು ಮುಳ್ಳು ತೆಗೆದು, ಕೀವು ತೊಳೆದು, ಪಟ್ಟಿ ಕಟ್ಟಿದರು. ಆಮೇಲೆ ಒಂದು ಹಿಡಿಕೆಗೆ ಸಿಕ್ಕಿಸಿದ ಗಾಳದ ದಾರದಂಥ ನೈಲಾನ್ ಎಳೆ ತೆಗೆದರು. "ಕಣ್ಣು ಮುಚ್ಚಿಕೊಳ್ಳಿ ಅಮ್ಮ, ಮುಟ್ಟಿದಾಗ ಹೂಂ ಅನ್ನಿ." ಹತ್ತು ಕಡೆ ಮುಟ್ಟಿದರು. ನಮ್ಮಾಕೆ ಹೂಂ ಅಂದದ್ದು ನಾಲ್ಕೇ ಸಲ. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೋಲುತ್ತವಂತೆ. ರಾತ್ರಿಯ ಉರಿಯೂ ಅದರದೇ ಸೂಚನೆ. ಗಾಯವಾದರೆ ತಿಳಿಯದು, ಮೇಲಾಗಿ ಬೇಗ ಮಾಯದು. "ಇನ್ನೊಂದು ವಾರ ಬಿಟ್ಟಿದ್ದರೆ ಬೆರಳಿಗೇ ಬರುತ್ತಿತ್ತು" ಎಂದರು.

ನಾನು ತಲೆ ತಗ್ಗಿಸಿ ನಕ್ಷೆಯ ವಿಷಯ ಕೇಳಿದೆ. ಅವರು ನಗಲಿಲ್ಲ. ಪಾದ ಒತ್ತಿದರೆ ಆಯಾಸ ಕಳೆದು ನಿದ್ದೆ ಬರುವುದು ನಿಜ, ಆದರೆ ಇಂಥ ಚೌಕ ಒತ್ತಿದರೆ ಇಂಥ ಅಂಗದ ರೋಗ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ ಎಂದರು. "ಒತ್ತುವುದನ್ನು ಬಿಡಬೇಡಿ. ಒತ್ತುವ ಮೊದಲು ನೋಡಿ, ಅಷ್ಟೇ. ಮಾತ್ರೆಯನ್ನೂ ತಪ್ಪಿಸಬೇಡಿ." ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಎಷ್ಟು ವರ್ಷ ಕ್ಯಾಶ್ ಲೆಕ್ಕ ಬರೆದವನು ನಾನು! ಪುಸ್ತಕ ಒಂದು ಹೇಳಿ, ಪೆಟ್ಟಿಗೆಯ ನೋಟು ಇನ್ನೊಂದು ಹೇಳಿದರೆ ಪೆಟ್ಟಿಗೆಯದನ್ನೇ ನಂಬಬೇಕೆಂದು ಹೊಸ ಹುಡುಗರಿಗೆ ಕಲಿಸುತ್ತಿದ್ದವನೂ ನಾನೇ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಬಲಪಾದಕ್ಕೆ ರಜೆ. ಎಡಪಾದ ಮಾತ್ರ ಒತ್ತಿಸಿಕೊಂಡು "ಇದೊಂದು ನಿದ್ದಿ ಮಾಡ್ತೈತಿ, ಅದೊಂದು ಎಚ್ಚರ ಇರ್ತೈತಿ" ಎಂದು ನಮ್ಮಾಕೆ ದೂರುತ್ತಿದ್ದಳು. ಈಗ ಅವಳು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕುತ್ತಾಳೆ, ದೇವರ ಕೋಣೆಯ ಹೊರತು. ಮುಖವನ್ನು ಗೋಡೆಗೆ ತಿರುಗಿಸುವುದು ಎಂದೋ ಬಿಟ್ಟಿದೆ.

ತಪಾಸಣೆಯ ಅಧಿಕಾರ ಮೊಮ್ಮಗಳದು. ಊಟವಾದ ಮೇಲೆ ಟಾರ್ಚ್ ಹಿಡಿದು ಬರುತ್ತಾಳೆ. ಅಂಗಾಲು, ಹಿಮ್ಮಡಿ, ಉಗುರಿನ ಅಂಚು, ಐದು ಬೆರಳಿನ ನಾಲ್ಕು ಸಂದಿ ಎಲ್ಲ ನೋಡಿ, ನಾನು ಕೊಟ್ಟ ಹಳೆಯ ಡೈರಿಯಲ್ಲಿ ತಾರೀಖು ಹಾಕಿ ಬರೆದ ಮೇಲೆಯೇ ನನಗೆ ಎಣ್ಣೆ ಬಟ್ಟಲು ಸಿಗುತ್ತದೆ. ಕೆಳಗೆ ನಾನು ಸಹಿ ಹಾಕಬೇಕು. ಒಂದು ದಿನ ಓದದೆ ಸಹಿ ಹಾಕಿದ್ದಕ್ಕೆ ಬೈಸಿಕೊಂಡಿದ್ದೇನೆ. ನಿನ್ನೆಯ ಪುಟದಲ್ಲಿ ಹೀಗಿದೆ: "ಅಜ್ಜಿ: ಎಡ ಹಿಮ್ಮಡಿ ಸಣ್ಣ ಬಿರುಕು, ಉಳಿದದ್ದು ಸರಿ. ಅಜ್ಜ: ಉಗುರು ಕತ್ತರಿಸಿಲ್ಲ."