ಬಿಟ್ಟ ಮೆಟ್ಟಿಲು
ತೊಗರಿ ರಾಶಿ ಮುಗಿದರೆ ನಮ್ಮ ಸೊನ್ನದ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವವರ ಜೊತೆ ಮಕ್ಕಳೂ ಬಸ್ ಹತ್ತುತ್ತವೆ. ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಮಗು, ಎಲ್ಲರೂ ಒಂದೇ ಪುಟ ಓದುವ ತರಗತಿಯಲ್ಲಿ ಕುಂತರೆ ಬಾಯಿ ಬಿಡೋದಿಲ್ಲ.

ನಲಿ-ಕಲಿ ಕೋಣೆಯಲ್ಲಿ ಹಾಗಲ್ಲ. ಗೋಡೆಯ ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲು ನೋಡಿ, ಆ ಚಿತ್ರದ ಕಾರ್ಡು ತಾನೇ ಹುಡುಕಿಕೊಂಡು ಕೂರುತ್ತದೆ. ಪಕ್ಕದವಳು ಮುಂದಿದ್ದರೂ ನಾಚಿಕೆಯಿಲ್ಲ. ಸುದ್ದಿಗೆಂದು ಹೋದಾಗ ಒಬ್ಬ ಹುಡುಗಿ, "ಅಣ್ಣಾ, ನಂದು ಇಲ್ಲಿಗಿ ನಿಂತದ ನೋಡ್ರಿ" ಎಂದು ಬೆರಳಿಟ್ಟು ತೋರಿಸಿದಳು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ನನಗಂತೂ ದುಡಿಯಲು ಹೋಗುವವರ ಮಕ್ಕಳಿಗೆಂದೇ ಮಾಡಿದಂತೆ ಕಾಣುತ್ತದೆ. ಆದರೆ ಏಣಿ ಮೂರನೇ ತರಗತಿಗೇ ಮುಗಿಯುತ್ತದೆ. ನಾಲ್ಕರಿಂದ ಎಲ್ಲರಿಗೂ ಒಂದೇ ಪುಟ.

ಆ ಹುಡುಗಿ ಬರುವ ಜೂನ್‌ಗೆ ನಾಲ್ಕನೇ ತರಗತಿ. ಅವರಪ್ಪ ಮುಂಬೈಗೆ ಹೋಗೋದು ನಿಂತಿಲ್ಲ.